ಗಾಜಿನ ಬೀರುವಿನ ಮುಂದೆ ಬಿಟ್ಟ ಚಪ್ಪಲಿ

ಇವತ್ತು ಬೆಳಿಗ್ಗೆ ಹಡಗಲಿಯ ಬೀಗರು ಒಂದು ಪೊಟ್ಟಣ ಮಲ್ಲಿಗೆ ತಂದರು. ಬಾಳೆಎಲೆ ಬಿಚ್ಚಿದ್ದೇ ತಡ, ನನ್ನ ಕಣ್ಣ ಮುಂದೆ ಬಂದದ್ದು ದೇವರಮನೆಯಲ್ಲ, ತಾಲೂಕು ಕಚೇರಿ! ನಗಬೇಡಿ. ನಾಲ್ಕನೇ ಕ್ಲಾಸು ದಾಟದ ನಾನು ಎಪ್ಪತ್ತರ ದಶಕದಲ್ಲಿ ಅಲ್ಲಿ ಜವಾನನಾಗಿದ್ದೆ.

ಕಚೇರಿಯ ಪಡಸಾಲೆಯಲ್ಲೊಂದು ಗಾಜಿನ ಬೀರು. ಒಳಗೆ ಪಾಳೆಗಾರರ ಕಾಲದ ಅಪ್ಪಣೆ ಪತ್ರ, ಹರಿದ ನಕಾಶೆ. ಹೊಸದಾಗಿ ಬಂದ ತಹಶೀಲ್ದಾರರು, ಮೈಸೂರು ಕಡೆಯವರು, ಇವೂ ಚರಿತ್ರೆಯೇ ಎಂದು ಇನ್ನೆರಡು ಸೇರಿಸಿದರು: ಸೈಕಲ್ ರಿಪೇರಿಯ ಖಾಸಿಂ ಸಾಬರ ಮುತ್ತಜ್ಜ ಕೈಯಾರೆ ಬರೆದ ಕುರಾನು, ನಮ್ಮ ಮನೆಯ ವಚನಗಳ ಓಲೆಗರಿ ಕಟ್ಟು. ನಮ್ಮಲ್ಲಿ ಗೆದ್ದಲು, ಅವರಲ್ಲಿ ಸೋರುವ ಮಾಳಿಗೆ. ಇಬ್ಬರಿಗೂ ಜೀವ ತಂಪಾಯಿತು.

ಆಮೇಲೆ ಶುರುವಾಯಿತು ನೋಡಿ. ಪಹಣಿಗೆ ಬಂದವರೆಲ್ಲ ಬೀರುವಿನ ಮುಂದೆ ಚಪ್ಪಲಿ ಬಿಡತೊಡಗಿದರು. ಯಾವುದು ಶಾಸ್ತ್ರ, ಯಾವುದು ಸರ್ಕಾರಿ ಕಾಗದ ಯಾರಿಗೆ ಗೊತ್ತು? ನಕಾಶೆಗೂ ಕೈಮುಗಿದರು. ಹೂವು, ಊದುಬತ್ತಿ ಬಂದವು. ದಿನಾ ಹೂವು ಗುಡಿಸುತ್ತಾ, ಓದಲು ಬಾರದವರ ಹಣೆಬರಹ ಎಂದು ಒಳಗೊಳಗೇ ನಗುತ್ತಿದ್ದೆ. ನಾನೇ ದೊಡ್ಡ ಪಂಡಿತ!

ಒಂದು ದಿನ ಸಾಹೇಬರು ಸಿಡಿದರು. "ಇದು ಕಚೇರಿ ಕಣಯ್ಯಾ, ಗುಡಿಯಲ್ಲ. ನಾಳೆ ಒಂದು ಹೂವು ಕಂಡ್ರೂ ಆ ಎರಡು ಪುಸ್ತಕಾನೂ ನಿಮ್ಮನಿಮ್ಮ ಮನೆಗೆ ವಾಪಸ್ ಕಳಿಸ್ತೀನಿ!"

ಮರುದಿನ ನಾನೂ ಖಾಸಿಂ ಸಾಬರೂ ಕಾವಲು ನಿಂತೆವು. ಗುಡೇಕೋಟೆಯ ಮುದುಕಿ ಹೊನ್ನವ್ವ ಸೆರಗಿನಲ್ಲಿ ಮಲ್ಲಿಗೆ ಕಟ್ಟಿಕೊಂಡು ಬಂದಳು.

"ಬ್ಯಾಡಬೇ ಯವ್ವಾ, ಹೂವು ಇಡಬ್ಯಾಡ. ಓಲಿಗರಿ ಮತ್ತ ಮನಿಗೆ ಒಯ್ದರ ಗೆದ್ದಲು ತಿಂತೈತಿ," ಎಂದೆ.

"ನಮ್ಮನ್ಯಾಗ ಮಳಿ ಬಂದ್ರ ನಮಗೇ ಜಾಗ ಇಲ್ಲ, ಕಿತಾಬು ಎಲ್ಲಿಡ್ಲಿ?" ಎಂದರು ಖಾಸಿಂ ಸಾಬರು.

"ಓದಾಕ ನಂಗ ಬರಲ್ಲ. ಹೂವನೂ ಇಡಬ್ಯಾಡ ಅಂದ್ರ ಮತ್ತ ನಾನೇನು ಮಾಡ್ಲಲೇ?"

ಗದ್ದಲ ಕೇಳಿ ಸಾಹೇಬರು ದಡದಡ ಹೊರಬಂದರು. ಬಾಗಿಲಲ್ಲಿದ್ದ ರಿಜಿಸ್ಟರಿಗೆ ಅವರ ಕಾಲು ತಗಲಿತು. ತಟ್ಟನೆ ಬಗ್ಗಿದರು, ಅದನ್ನು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಹೊನ್ನವ್ವ ಬಿಡುವವಳೇ?

"ಸಾಹೇಬ್ರ, ಅದೇನು ಪುರಾಣೇನ್ರಿ?"

ಪಡಸಾಲೆಯೆಲ್ಲ ಗೊಳ್ಳೆಂದಿತು. ಕೆಂಪಾದ ಸಾಹೇಬರೂ ಕೊನೆಗೆ ನಕ್ಕುಬಿಟ್ಟರು. "ಕೈ ಮುಗೀರಮ್ಮಾ, ಚಪ್ಪಲೀನೂ ಬಿಡಿ. ಹೂವು ಮಾತ್ರ ನೀವೇ ಮುಡ್ಕೊಳ್ಳಿ." ಹೊನ್ನವ್ವ ಮಲ್ಲಿಗೆಯನ್ನು ತುರುಬಿಗೆ ಸಿಕ್ಕಿಸಿ, ನನ್ನ ಕಡೆ ಹುಬ್ಬು ಹಾರಿಸಿ ಹೋದಳು. ಪುಸ್ತಕಗಳು ಉಳಿದವು.

ಇಷ್ಟು ಬರೆಯುವಷ್ಟರಲ್ಲಿ, ಈಗಷ್ಟೇ ಶಾಲೆಗೆ ಸೇರಿದ ಮೊಮ್ಮಗಳು ಹಾಳೆಯೊಂದನ್ನು ಹಿಡಿದು ಓಡಿಬಂದಳು. "ತಾತಾ, ನಾನೇ ಬರ್ದೀನಿ. ಓದು ನೋಡಾನ!"

'ತಾತ.' ಎರಡೇ ಅಕ್ಷರ. ಒಂದು ದಪ್ಪ, ಇನ್ನೊಂದು ಬೀಳುವಂತೆ ವಾಲಿದೆ. ಹಾಳೆಯನ್ನು ನಮ್ಮ ಮನೆಯ ಬೀರುವಿನ ಗಾಜಿಗೆ ಅಂಟಿಸಿದೆ. ಮೊಣಕಾಲು ನೋವಿಗೆಂದು ಮನೆಯೊಳಗೂ ಹಾಕುವ ರಬ್ಬರ್ ಚಪ್ಪಲಿ ಅದರ ಮುಂದೆ ತಾವಾಗಿಯೇ ಕಳಚಿದವು.

ನನಗೆ ಓದಲು ಬಂತು. ಆದರೂ ಹೂವಿಟ್ಟೆ.