ಸಾವಕಾರ್ರ ಮಂಚ ನಮ್ಮ ಮನೆಯಲ್ಲಿದ್ದ ಮಳೆಗಾಲ

ಬಸವಕಲ್ಯಾಣದಲ್ಲಿ ಮಂಚ ಬೇಕಾದವರು ನೇರ ಬಡಿಗನ ಮನೆಗೇ ಬರುತ್ತಿದ್ದ ಕಾಲ ಅದು. ಬಂದವರು ಚಹಾ ಕುಡಿದು, ಮಗಳಿಗೆ ಗಂಡು ಯಾವ ಊರಿನದೆಂದು ಹೇಳಿ, ಅತ್ತೆಯಾಗುವವಳ ಬಾಯಿ ಎಷ್ಟು ಜೋರೆಂದು ನಮ್ಮವ್ವನ ಹತ್ತಿರ ಗೋಳಾಡಿ, ಆಮೇಲೆ ಅಳತೆಯ ಮಾತಿಗೆ ಇಳಿಯುತ್ತಿದ್ದರು. ನಮ್ಮಪ್ಪ ಬಡಿಗ. ತೊಂಬತ್ತರ ದಶಕದ ನಡುವಿನ ಮಾತು, ನಾನಾಗ ನಾಲ್ಕನೇ ಇಯತ್ತೆ. ಮನೆ ತುಂಬ ಸಾಗವಾನಿಯ ವಾಸನೆ. ಅಪ್ಪ ರಂದಾ ಹೊಡೆದು ಹಲಗೆ ನುಣುಪು ಮಾಡುವಾಗ ಸುರುಳಿ ಸುರುಳಿಯಾಗಿ ಬೀಳುವ ಸಿಪ್ಪೆಯೇ ನನ್ನ ಆಟದ ಸಾಮಾನು. ಕಿವಿಗೆ ಸಿಕ್ಕಿಸಿದರೆ ಝುಮಕಿ, ಕೈಗೆ ಹಾಕಿದರೆ ಬಳೆ. ರೊಟ್ಟಿ ಮುರಿದರೆ ಒಳಗೂ ಒಮ್ಮೊಮ್ಮೆ ಕಟ್ಟಿಗೆಯ ಹೊಟ್ಟು ಸಿಗುತ್ತಿತ್ತು, ಯಾರೂ ದೂರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಹುಮನಾಬಾದಿನ ಕಾಳಿನ ವ್ಯಾಪಾರಿ ಶರಣಪ್ಪ ಸಾವಕಾರ್ರು ಮಗಳ ಲಗ್ನಕ್ಕೆಂದು ಮಂಚ, ಅಲಮಾರಿ, ಕನ್ನಡಿಯ ಮೇಜು ಮಾಡಲು ಹೇಳಿದರು. ಪೂರ್ತಿ ಹಣವನ್ನೂ ಮೊದಲೇ ಕೊಟ್ಟರು. ಅಪ್ಪ ಮಂಚದ ತಲೆಗಡೆಯ ಹಲಗೆಗೆ ಎರಡು ನವಿಲು ಕೆತ್ತಿದ. ಇನ್ನೇನು ಪಾಲಿಶ್ ಒಣಗಬೇಕು, ಬೀಗರ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರು. ಲಗ್ನ ದೀಪಾವಳಿಯ ಆಚೆಗೆ ಹೋಯಿತು.

ಸಾವಕಾರ್ರು ಬಂದು, “ಮುಹೂರ್ತ ಗೊತ್ತಾಗದ ಲಗ್ನದ ಸಾಮಾನು ಮನಿಗೆ ತಂದ್ರ ನಮ್ಮ ಹೆಣ್ಮಕ್ಕಳು ಒಪ್ಪಂಗಿಲ್ಲ. ಸ್ವಲ್ಪ ದಿನ ಇಲ್ಲೇ ಇರಲಿ ಬಡಿಗೇರ,” ಅಂದರು.

“ಇರಲಿ ತಗೋರಿ. ಬೇಫಿಕರ್ ಇರ್ರಿ,” ಅಂದ ಅಪ್ಪ. ಆ ಒಂದು ಮಾತು ನಮ್ಮ ಮಳೆಗಾಲವನ್ನೇ ನುಂಗಿತು.

ನಮ್ಮದು ಎರಡೇ ಖೋಲಿಯ ಮನೆ. ಮುಂದಿನದು ತಗಡಿನ ಪಡಸಾಲೆ, ಮಳೆ ಬಂದರೆ ಹತ್ತು ಕಡೆ ಸೋರುವುದು. ಹಿಂದಿನದು ಮಣ್ಣಿನ ಮಾಳಿಗೆ, ಒಂದು ಹನಿಯೂ ಇಳಿಯದು. ಮೊದಲ ಮಳೆ ಬಿದ್ದ ದಿನ ಅಪ್ಪ ಸಾವಕಾರ್ರ ಸಾಮಾನನ್ನೆಲ್ಲ ಒಳಗೆ ಸಾಗಿಸಿ, ನಮ್ಮನ್ನೂ ನಮ್ಮ ಒಲೆಯನ್ನೂ ಆಯಿಯನ್ನೂ ಪಡಸಾಲೆಗೆ ತಂದ. ಆಯಿ ಅಂದರೆ ಅಪ್ಪನ ತಾಯಿ. ನೆಲದ ಮೇಲೆ ಪಾತ್ರೆ ಇಟ್ಟು, ಪಾತ್ರೆಗಳ ನಡುವೆ ಕೌದಿ ಹಾಸಿ ಮಲಗುತ್ತಿದ್ದೆವು. ಅವ್ವ ಸುಮ್ಮನಿರುವ ಪೈಕಿಯವಳಲ್ಲ. “ಛಲೋ ಆತು! ಮಂಚಕ್ಕ ಮಾಳಿಗಿ, ಮಂದಿಗೆ ಮಳಿ,” ಅನ್ನುವಳು. ಅಂದರೂ ದಿನಾ ಮುಂಜಾನೆ ತನ್ನ ಹಳೆಯ ಸೀರೆಯ ತುಂಡಿನಿಂದ ಆ ನವಿಲುಗಳ ಧೂಳು ಒರೆಸುತ್ತಿದ್ದವಳೂ ಅವಳೇ.

ಕಾವಲು ಮಾತ್ರ ನನ್ನದು. ಓಣಿಯ ಹುಡುಗಿಯರು ನವಿಲಿನ ಮಂಚ ನೋಡಲು ಸಾಲುಗಟ್ಟಿ ಬರುವರು. ಚುರುಮುರಿ, ಹುಣಸೆಹಣ್ಣು ಏನಾದರೂ ಲಂಚ ಕೊಟ್ಟರೆ ಬಾಗಿಲು ತೆಗೆಯುತ್ತಿದ್ದೆ. “ನೋಡ್ರಿ, ಮುಟ್ಟಬ್ಯಾಡ್ರಿ. ಇದು ಅಮಾನತ್ ಅದ,” ಅನ್ನುತ್ತಿದ್ದೆ. ನಂಬಿ ಬಿಟ್ಟುಹೋದ ವಸ್ತುವಿಗೆ ಅಪ್ಪ ಬಳಸುತ್ತಿದ್ದ ಮಾತು ಅದು. ಆ ಶಬ್ದ ಬಾಯಲ್ಲಿ ಇದ್ದಾಗ ನಾನು ತಹಶೀಲ್ದಾರನಿಗಿಂತ ದೊಡ್ಡವಳು.

ಶ್ರಾವಣದ ಜಡಿಮಳೆಯಲ್ಲಿ ಆಯಿಗೆ ಜ್ವರ ಬಂತು. ಕೆಮ್ಮು ಎದೆಗಿಳಿಯಿತು. ಡಾಕ್ಟರು ಬಂದು ನೋಡಿ, “ನೆಲಾ ಥಂಡಿ ಅದ. ಇವರನ್ನ ಕೆಳಗ ಮಲಗಿಸಿದ್ರ ಕೈ ಬಿಟ್ಟು ಹೋಗತಾರ,” ಅಂದರು. ಎದ್ದು ಹೋಗುವಾಗ ಒಳಗೆ ಕಣ್ಣು ಬಿದ್ದು, “ಅಲ್ರಿ, ಇಷ್ಟು ಛಲೋ ಮಂಚ ಅದಲ್ಲ!” ಅಂದರು. ಊರಿಗೆಲ್ಲ ಮಂಚ ಮಾಡಿದ ಅಪ್ಪ ತನ್ನ ತಾಯಿಗೆ ಒಂದನ್ನೂ ಮಾಡಿರಲಿಲ್ಲ. ತಲೆ ತಗ್ಗಿಸಿ ಕೂತ. ಮದುಮಗಳು ಮಲಗದ ಮಂಚದ ಮೇಲೆ ಬೇರೆಯವರು ಮಲಗಬಾರದು ಅನ್ನುವುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು.

ಮರುದಿನ ಅವ್ವ ನನ್ನ ಕೈ ಹಿಡಿದು ಹುಮನಾಬಾದಿನ ಬಸ್ಸು ಹತ್ತಿದಳು. “ಸಾಮಾನು ಒಯ್ರಿ, ಇಲ್ಲಾ ಮುದುಕಿ ನಾಕು ದಿನ ಮಲಗಾಕ ಹೂಂ ಅನ್ರಿ” ಎಂದು ಕೇಳುವುದೇ ಅವಳ ಲೆಕ್ಕ. ಸಾವಕಾರ್ರು ಅಂಗಡಿಯ ಗಾದಿಯ ಮೇಲೆ ಕೂತಿದ್ದರು. ಅವ್ವ ಹೇಳಿದ್ದನ್ನೆಲ್ಲ ಕೇಳಿ ಅವರಿಗೆ ಆಶ್ಚರ್ಯವೋ ಆಶ್ಚರ್ಯ.

“ಇಷ್ಟು ದಿನಾ ಯಾರೂ ಮಲಗೇ ಇಲ್ಲೇನು? ನೀವು ಬಳಸಾಕತ್ತೀರಿ ಅಂತ ನಾ ತಿಳದಿದ್ದೆ. ಲಗ್ನದ ಮುಂದ ಇನ್ನೊಂದು ಕೈ ಪಾಲಿಶ್ ಮಾಡಿಸಿದ್ರಾತು ಅಂತ ಮನ್ಯಾಗೂ ಹೇಳಿದ್ದೆ.”

ಅವ್ವನ ಮುಖ ಕೆಂಪಾಯಿತು. “ಮಂದಿ ಮಾಲಿನ ಮ್ಯಾಲ ನಾವ್ಯಾಕ ಮಲಗೋಣ್ರಿ?” ಅಂದಳು.

“ತಪ್ಪು ತಿಳ್ಕೋಬ್ಯಾಡ ತಂಗಿ. ಆಯಿ ಮಲಗಲಿ, ನಂದೇನೂ ತಕರಾರಿಲ್ಲ,” ಅಂದರು ಸಾವಕಾರ್ರು. ಕೆಟ್ಟ ಮನುಷ್ಯರೇನಲ್ಲ. ಆದರೂ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆಯೇ ಮುಖ ಮಾಡಿ ಕೂತಳು.

ಮನೆಗೆ ಬಂದು ಅವ್ವ ನಡೆದಿದ್ದನ್ನು ಹೇಳಿ, “ಹೂಂ ಅಂದಾರ ಅತ್ತಿ, ಏಳ್ರಿ ಒಳಗ ಹೋಗೋಣು,” ಅಂದಳು. ಆಯಿ ಜ್ವರದಲ್ಲೇ ನಕ್ಕಳು. ನಕ್ಕು ಕೆಮ್ಮಿ, ಕೆಮ್ಮು ನಿಂತ ಮೇಲೆ ಅಂದಳು:

“ಒಲ್ಲೆವಾ. ನಾವು ಮಲಗೀವಿ ಅಂತ ಆತ ತಿಳದಾನ. ಈಗ ನಾ ಹೋಗಿ ಮಲಗಿದ್ರ ಅದು ಖರೇನ ಆಗತದ.”

ಅಪ್ಪ ಎದ್ದ. ಮೂಲೆಯಲ್ಲಿದ್ದ ತನ್ನ ಕೆಲಸದ ಬೆಂಚಿನ ಮೇಲಿನ ಉಳಿ, ಸುತ್ತಿಗೆಗಳನ್ನೆಲ್ಲ ಕೆಳಗಿಳಿಸಿದ. ಅಜ್ಜನ ಕಾಲದ ದಪ್ಪ ಬೇವಿನ ಹಲಗೆ, ಅದರ ಮೇಲೆ ರಂದಾ ಹೊಡೆದೇ ನಮ್ಮ ಹೊಟ್ಟೆ ತುಂಬುತ್ತಿದ್ದುದು. ಅದನ್ನು ಸೋರದ ಕಡೆಗೆ ಎಳೆದು, ಗರಗಸ ತಂದು ಅದರ ನಾಲ್ಕೂ ಕಾಲನ್ನು ಆಯಿಯ ಮೊಣಕಾಲಿನ ಎತ್ತರಕ್ಕೆ ಕೊಯ್ದುಬಿಟ್ಟ. ಅವ್ವ ಎರಡು ಕೌದಿ ಹಾಸಿದಳು. ಆಯಿ ಹತ್ತಿ ಕೂತು, ಕೈಯಿಂದ ಹಲಗೆ ತಡವಿ, “ಇದು ನಂದು,” ಅಂದು ಮಲಗಿದಳು. ವಾರದೊಳಗೆ ಜ್ವರ ಬಿಟ್ಟಿತು. ಅಪ್ಪ ಅಂದಿನಿಂದ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತೇ ರಂದಾ ಹೊಡೆದ. ರಾತ್ರಿ ಸೊಂಟಕ್ಕೆ ಅವ್ವ ಬಿಸಿ ಎಣ್ಣೆ ತಿಕ್ಕುವಳು, ಬೈಯುತ್ತಲೇ ತಿಕ್ಕುವಳು.

ದೀಪಾವಳಿ ಮುಗಿದ ಮೇಲೆ ಸಾವಕಾರ್ರು ಟೆಂಪೊ ತಂದರು. ಒಳಗೆ ಹೋಗುವ ಮೊದಲೇ ಅವರ ಕಣ್ಣು ನೆಲದ ಮೇಲೆ ಕೂತ ಅಪ್ಪನ ಮೇಲೆ ಬಿತ್ತು.

“ಬಡಿಗೇರ, ನಿಮ್ಮ ಬೆಂಚ್ ಎಲ್ಲಿ?”

ಅಪ್ಪ ಗದ್ದದಿಂದ ಆಯಿಯ ಕಡೆ ತೋರಿಸಿದ. ಆಯಿ ಮಲಗಿದ್ದಲ್ಲಿಂದಲೇ, “ಸಾಮಾನು ನೋಡಿಕೊಳ್ರಿ ಸಾವಕಾರ್ರ, ಎಲ್ಲೆರೆ ಗೀರು ಬಿದ್ದದೇನು,” ಅಂದಳು. ಅವರು ಒಳಗೆ ಇಣುಕಲೂ ಇಲ್ಲ. ತಲೆಯ ಮೇಲಿನ ಟೋಪಿ ತೆಗೆದು, “ನೋಡೂದು ಏನದ ಆಯಿ,” ಅಂದು ಬಗ್ಗಿ ಅವಳ ಕಾಲು ಮುಟ್ಟಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಎದೆ ಇಷ್ಟಗಲವಾಯಿತು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ಆಮೇಲೆ ಹುಮನಾಬಾದಿನಲ್ಲಿ ಯಾರ ಮನೆಯಲ್ಲಿ ಲಗ್ನವಿದ್ದರೂ ಮಂಚಕ್ಕೆ ನಮ್ಮ ಮನೆಗೇ ಬರುತ್ತಿದ್ದರು. ಮಂಚವಷ್ಟೇ ಅಲ್ಲ, ಯಾತ್ರೆಗೆ ಹೋಗುವವರು ಪೆಟ್ಟಿಗೆ, ಊರು ಬಿಡುವವರು ಬೀಗದ ಕೈ, ಎಲ್ಲ ತಂದು ಆಯಿಯ ಮುಂದೆ ಇಟ್ಟು, ಚೀಟಿ ಕೂಡ ಕೇಳದೆ ಹೋಗುವರು.

ಈಗ ಆಯಿ ಇಲ್ಲ, ಅಪ್ಪನೂ ಇಲ್ಲ. ಆ ಜಾಗದಲ್ಲಿ ಸ್ಲ್ಯಾಬಿನ ಮನೆ ಕಟ್ಟಿದ್ದೇವೆ, ಹನಿ ಸೋರುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಮಂಚವಿದೆ, ಮೇಲೆ ಎರಡು ಖೋಲಿ ಖಾಲಿಯೇ ಇವೆ. ಯಾರೂ ನಮ್ಮಲ್ಲಿ ಏನನ್ನೂ ಬಿಟ್ಟು ಹೋಗುವುದಿಲ್ಲ.