ನೆಲನೆಲ್ಲಿಯ ಹಾಳೆ

ಅವನ ಅಂಗಾಲು ನುಣ್ಣಗಿತ್ತು. ಬೇಸಾಯದ ಮನೆಗಳಿಂದ ಬಂದ ನಮ್ಮ ಹಿಮ್ಮಡಿಗಳೆಲ್ಲ ಒಡೆದು ಬಿರುಕು ಬಿಟ್ಟಿದ್ದರೆ ಅವನದು ಮಾತ್ರ ಒರೆಸಿಟ್ಟ ತಟ್ಟೆಯ ಹಾಗಿರುತ್ತಿತ್ತು. ಅವನ ಅಪ್ಪ ತರೀಕೆರೆಯ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ದಿನಾ ಬೆಳಿಗ್ಗೆ ಇವನು ದೊಡ್ಡ ದೊಡ್ಡ ತಾಮ್ರದ ಕೊಳಗಗಳೊಳಗೆ ಮರಳು ಹಾಕಿ, ನಿಂತು, ಸೊಂಟ ತಿರುಗಿಸುತ್ತಾ ಕಾಲಿನಿಂದಲೇ ತಿಕ್ಕಿ ಬೆಳಗಿಸಿ, ಆಮೇಲೆ ಕಾಲೇಜಿಗೆ ಬರುತ್ತಿದ್ದ. ಜೀವಶಾಸ್ತ್ರದ ತರಗತಿಯಲ್ಲಿ ಕಪ್ಪೆ ಕೊಯ್ಯಲು ನಿಂತಾಗಲೂ ಸೊಂಟ ಸಣ್ಣಗೆ ಆ ಕಡೆ ಈ ಕಡೆ ಆಡುತ್ತಿತ್ತು. ಕೈ ಮಾತ್ರ ಅಲುಗುತ್ತಿರಲಿಲ್ಲ. ನನಗೆ ಅವನ ಮೇಲೆ ಹೊಟ್ಟೆಕಿಚ್ಚಿತ್ತು. ಮುಚ್ಚಿಟ್ಟು ಬರೆಯುವ ವಯಸ್ಸು ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕಾಲೇಜು ಎಂದರೆ ಹೆಸರಿಗೆ ಕಾಲೇಜು. ಊರಿನ ಹಿರಿಯರು ಸೇರಿ ಹಳೆಯ ಅಡಿಕೆ ಮಂಡಿಯೊಂದಕ್ಕೆ ಸುಣ್ಣ ಬಳಿಸಿ, ಸರ್ಕಾರದಿಂದ ಅಪ್ಪಣೆ ತಂದು, ಮೆಟ್ರಿಕ್ ಆದ ನಮ್ಮಂಥವರಿಗೆ ಇಂಟರ್‌ಮೀಡಿಯೆಟ್ ತರಗತಿ ತೆರೆದಿದ್ದರು. ಜೀವಶಾಸ್ತ್ರಕ್ಕೆ ನಾವು ಒಂಬತ್ತು ಜನ. ಇಬ್ಬರಿಗೆ ಒಂದು ಬೆಂಚು, ಒಂದು ಮೇಣದ ತಟ್ಟೆ. ಅವನೂ ನಾನೂ ಒಂದೇ ಬೆಂಚಿನವರು. ಅಜ್ಜಂಪುರದಲ್ಲಿ ನಮ್ಮದು ಹೊಲಮನೆ ಇದ್ದ ಕುಟುಂಬ. ಶನಿವಾರ ಮೋಟಾರು ಹತ್ತಿ ಮನೆಗೆ ಹೋದರೆ ಅವ್ವ ಬಾಗಿಲಲ್ಲೇ ತಡೆದು, "ಕಪ್ಪೆ ಕೊಯ್ದ್ ಕೈಯಾಗೆ ಒಳೀಕ್ ಬರಬ್ಯಾಡ, ಹಿತ್ಲಾಗೆ ನೀರ್ ಹುಯ್ಕಂಡ್ ಬಾ" ಅನ್ನುತ್ತಿದ್ದಳು. ನೀರು ಹುಯ್ದುಕೊಂಡು ಬಂದ ಮೇಲೆ ಪಕ್ಕದ ಮನೆಯವರಿಗೆ ಕೇಳುವಂತೆ, "ನನ್ನ ಮಗ ಡಾಕ್ಟ್ರಿಕೆ ಓದ್ತಾನೆ ಕಣವ್ವ" ಎಂದೂ ಅನ್ನುತ್ತಿದ್ದಳು.

ಡಾಕ್ಟರಿಕೆ ಅಷ್ಟು ಸುಲಭವಾಗಿರಲಿಲ್ಲ. ಜೀವಶಾಸ್ತ್ರದಲ್ಲಿ ಮೊದಲು ಬಂದ ಒಬ್ಬನಿಗೆ ಮಾತ್ರ ನಮ್ಮ ಮೇಷ್ಟ್ರು ವೈದ್ಯ ಶಾಲೆಗೆ ಶಿಫಾರಸು ಪತ್ರ ಬರೆಯುತ್ತಿದ್ದರು. ಇಬ್ಬರಿಗೆ ಬರೆದರೆ ಎರಡಕ್ಕೂ ಬೆಲೆ ಇರುವುದಿಲ್ಲ ಎನ್ನುವುದು ಅವರ ಲೆಕ್ಕ. ಆ ಒಬ್ಬ ನಾನಾಗಬೇಕಿತ್ತು. ನನ್ನ ಬೆಂಚಿನಲ್ಲೇ ಇವನು ಕೂತಿದ್ದ.

ಕಪ್ಪೆಯನ್ನು ತಟ್ಟೆಯ ಮೇಲೆ ಸೂಜಿ ಚುಚ್ಚಿ ಮಲಗಿಸಿದ ಮೇಲೆ ಅವನು ಬಗ್ಗಿ ತನ್ನ ಮನೆಮಾತಿನಲ್ಲಿ "ಮಾಫ್ ಕರ್ ಬಾವಾ" ಎಂದು ಪಿಸುಗುಟ್ಟಿ ಅದರ ಕ್ಷಮೆ ಕೇಳುತ್ತಿದ್ದ. ಆಮೇಲೆ ಚರ್ಮವನ್ನು ಅಂಗಿಯ ಗುಂಡಿ ಬಿಚ್ಚಿದ ಹಾಗೆ ಬಿಡಿಸುತ್ತಿದ್ದ. ಒಂದು ತೊಟ್ಟು ರಕ್ತ ಇಲ್ಲ. ನಾನು ಕತ್ತರಿ ಇಟ್ಟರೆ ಸಾಕು, ಯಾವುದೋ ರಕ್ತನಾಳ ತುಂಡಾಗಿ ತಟ್ಟೆಯೆಲ್ಲ ಕೆಂಪಾಗುತ್ತಿತ್ತು. ಒಮ್ಮೆ ಮೇಷ್ಟ್ರು ಬಂದು ನೋಡಿ, "ಏನ್ರೀ, ಕಪ್ಪೆ ಕೊಯ್ದಿದೀರೋ, ಆಯುಧಪೂಜೆಗೆ ಕುಂಬಳಕಾಯಿ ಒಡ್ದಿದೀರೋ?" ಎಂದರು. ಎಲ್ಲರೂ ನಕ್ಕರು. ಅವನು ನಗಲಿಲ್ಲ. ತನ್ನ ತಟ್ಟೆಯನ್ನು ನನ್ನ ಕಡೆ ಸರಿಸಿ, "ಇದನ್ನೇ ನೋಡ್ಕಂಡು ಚಿತ್ರ ಬರಿ ಕಣೋ. ಅವಸರ ಮಾಡ್ಬೇಡ, ಇನ್ನು ಅದು ಎಲ್ಗೂ ಓಡಿಹೋಗಲ್ಲ" ಎಂದ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ಅವನ ಕಪ್ಪೆಯನ್ನು ನೋಡಿಕೊಂಡು ನಾನು ಚಿತ್ರ ಬರೆದೆ, ಬರೆಯುತ್ತಾ ಹಲ್ಲು ಕಡಿದೆ.

ಗಿಡಗಳ ವಿಷಯದಲ್ಲೂ ಹಾಗೆಯೇ. ವರ್ಷ ಮುಗಿಯುವುದರೊಳಗೆ ಪ್ರತಿಯೊಬ್ಬರೂ ಐವತ್ತು ಗಿಡ ಕಿತ್ತು, ಹಾಳೆಗಳ ನಡುವೆ ಒತ್ತಿ ಒಣಗಿಸಿ, ಹೆಸರು ಬರೆದು ಒಪ್ಪಿಸಬೇಕಿತ್ತು. ನಾನು ಪುಸ್ತಕದಲ್ಲಿ ಲ್ಯಾಟಿನ್ ಹೆಸರು ಹುಡುಕಿ ಬರೆದೆ. ಅವನು ಸಿಕ್ಕವರನ್ನೆಲ್ಲ ಕೇಳುತ್ತಿದ್ದ. ಕುರಿ ಕಾಯುವವರು, ಸೌದೆ ಹೊರುವವರು, ಅಪ್ಪನ ಅಂಗಡಿಗೆ ಪಾತ್ರೆ ತರುವ ಹೆಂಗಸರು, ಯಾರಾದರೂ ಸರಿ: "ಇದಕ್ಕೆ ನಿಮ್ ಕಡೆ ಏನಂತೀರಿ? ಯಾತಕ್ಕೆ ಬರ್ತದೆ?" ಊರ ಹೆಸರು ಮೇಲೆ, ಲ್ಯಾಟಿನ್ ಕೆಳಗೆ. "ಕೂಗಿದ್ರೆ ತಿರುಗಿ ನೋಡೋ ಹೆಸರು ಮೊದ್ಲು ಬರೀಬೇಕಪ್ಪ" ಅನ್ನುತ್ತಿದ್ದ. ಒಪ್ಪಿಸುವ ದಿನಕ್ಕೆ ಮೊದಲೇ ಒಮ್ಮೆ ಮೇಷ್ಟ್ರು ಅವನ ಹಾಳೆಗಳನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದರು. ಅದರಲ್ಲಿ ನೆಲನೆಲ್ಲಿಯದೊಂದಿತ್ತು, ಒಂದು ಗಿಡವಲ್ಲ, ಬೇರು ಸಮೇತ ಹಾಳೆ ತುಂಬ ಏಳೆಂಟು ಗಿಡ, ಎಲೆಯಡಿಯ ಸಾಸಿವೆಯಂಥ ಕಾಯಿ ಒಂದೂ ಉದುರದೆ. ನನ್ನ ನೆಲನೆಲ್ಲಿ ಬೂಸ್ಟು ಹಿಡಿದು ಕಪ್ಪಾಗಿತ್ತು. ಆ ಹಾಳೆ ನೋಡುತ್ತಾ ನನ್ನ ಮೈಯೆಲ್ಲ ಉರಿದುಹೋಯಿತು.

ಶಿವರಾತ್ರಿ ಕಳೆದು ಬಿಸಿಲೇರಿತ್ತು. ಸೋಮವಾರ ಹಾಳೆಗಳನ್ನು ಒಪ್ಪಿಸಲು ಕಡೆಯ ದಿನ. ಅದರ ಹಿಂದಿನ ಶನಿವಾರ ಅವನು ತನ್ನ ಕಟ್ಟನ್ನು ನನ್ನ ಕೈಗೆ ಕೊಟ್ಟು, "ಅಪ್ಪ ಕರೀತಾವ್ರೆ, ಮದುವೆ ಪಾತ್ರೆ ಬಂದವೆ. ಇದನ್ನ ಮೇಷ್ಟ್ರ ಬೀರುನಲ್ಲಿ ಇಟ್ಬಿಡಪ್ಪ" ಎಂದು ಹೇಳಿ ಹೋದ. ಬೀರು ಹತ್ತು ಹೆಜ್ಜೆ ದೂರದಲ್ಲಿತ್ತು. ನಾನು ಇಡಲಿಲ್ಲ. ನನ್ನ ಚೀಲದಲ್ಲಿಟ್ಟುಕೊಂಡು ಮೋಟಾರು ಹತ್ತಿದೆ. ಸುಡಬೇಕು, ಹರಿಯಬೇಕು ಅಂತೇನೂ ಇರಲಿಲ್ಲ. ಸೋಮವಾರ ಅವನ ಕೈಯಲ್ಲಿ ಕಟ್ಟು ಇರಬಾರದು, ಅಷ್ಟೇ. ಮಂಗಳವಾರ ಎಲ್ಲೋ ಸಿಕ್ಕಿತು ಎಂದು ತಂದುಕೊಟ್ಟರಾಯಿತು ಎಂದುಕೊಂಡೆ. ಮನೆಗೆ ಬಂದು ಅಟ್ಟದ ಮೇಲೆ, ಹುಣಿಸೆಹಣ್ಣಿನ ಗುಡಾಣದ ಹಿಂದೆ ಇಟ್ಟೆ.

ಆ ಹೊತ್ತಿಗೆ ನಮ್ಮ ಸೋದರತ್ತೆ ಕಾಮಾಲೆ ಹತ್ತಿ ನಮ್ಮ ಮನೆಯಲ್ಲೇ ಮಲಗಿದ್ದರು. ಕಾಮಾಲೆಗೆ ನೆಲನೆಲ್ಲಿಯನ್ನು ಬೇರು ಸಮೇತ ಅರೆದು ಮಜ್ಜಿಗೆಯಲ್ಲಿ ಕುಡಿಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಮದ್ದು. ಆದರೆ ಅದು ಮಳೆಗಾಲದ ಗಿಡ. ಆ ಬಿಸಿಲಿನಲ್ಲಿ ಕರಿಹೊಲ ಸೀಳು ಬಿಟ್ಟಿರುವಾಗ ಎಲ್ಲಿಂದ ಬರಬೇಕು? ಭಾನುವಾರ ನಾನು ಹೊಲದ ಕಡೆ ಹೋಗಿ ಬರುವಷ್ಟರಲ್ಲಿ ಅವ್ವ ಹುಣಿಸೆಹಣ್ಣಿಗೆಂದು ಅಟ್ಟ ಹತ್ತಿದ್ದಳು. ನಾನು ಒಳಗೆ ಬಂದಾಗ ಒರಳಿನ ಮುಂದೆ ಕೂತಿದ್ದಳು. ನೆಲನೆಲ್ಲಿ ಅರೆದು ಆಗಿತ್ತು. ಅಮೃತಬಳ್ಳಿ, ಲಕ್ಕಿ, ಆಡುಸೋಗೆ, ಅವಳಿಗೆ ಗುರುತು ಸಿಕ್ಕಿದ್ದನ್ನೆಲ್ಲ ಮುರಿದು ಬೇರೆ ಬೇರೆ ಬಟ್ಟೆಯಲ್ಲಿ ಗಂಟು ಕಟ್ಟಿದ್ದಳು. ಗುರುತು ಸಿಗದ್ದು ತಿಪ್ಪೆಗೆ ಹೋಗಿತ್ತು. ಹಾಳೆಗಳನ್ನು ಗೂಡಿಗೆ ಹಾಸಿ ಮೇಲೆ ಡಬ್ಬಿ ಜೋಡಿಸಿದ್ದಳು.

"ಅತ್ತೆಗೆ ಅಂತ ತಂದು, ಹೇಳ್ದೆ ಮಡಗಿದ್ದೀಯಲ್ಲೋ ಮಗ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. "ನಿಮ್ಮಪ್ಪ ಬ್ಯಾಡ ಅಂದ್ರೂ ಓದಿಸಿದ್ದಕ್ಕೆ ಸಾರ್ಥಕ ಆಯ್ತು."

ಒಳಗಿನಿಂದ ಅತ್ತೆ, "ನೂರು ವರ್ಷ ಬಾಳಪ್ಪ" ಎಂದರು. ನಾನು ಹೊಸಿಲ ಮೇಲೆ ನಿಂತೇ ಇದ್ದೆ.

ಸೋಮವಾರ ಮೇಷ್ಟ್ರು ಅವನನ್ನು ಎಬ್ಬಿಸಿ ನಿಲ್ಲಿಸಿದರು. "ಎಲ್ರೀ ನಿಮ್ಮ ಗಿಡಗಳು?" ಅವನು ನನ್ನ ಮುಖವನ್ನು ಒಂದು ಸಲ ನೋಡಿದ. ನನ್ನ ಕೈಗೆ ಕೊಟ್ಟಿದ್ದೆ ಎಂದು ಹೇಳಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

"ಕಳ್ದೋದ್ವು ಸಾರ್" ಎಂದ.

ಮೇಷ್ಟ್ರು ಚೆನ್ನಾಗಿ ಬೈದರು. ಬೈದು, ಪ್ರಾಕ್ಟಿಕಲ್ ಪರೀಕ್ಷೆಯ ತನಕ, ಅಂದರೆ ಮೂರು ವಾರ, ಗಡುವು ಕೊಟ್ಟರು. ತರಗತಿ ಬಿಟ್ಟ ಮೇಲೆ ಹಿಂದುಗಡೆ ಬಾವಿಯ ಹತ್ತಿರ ಅವನನ್ನು ಹಿಡಿದೆ. "ನಮ್ಮನೇಲಿದ್ವು ಕಣೋ. ನಮ್ಮವ್ವ ಗೊತ್ತಿಲ್ದೆ ಅರೆದು ಮದ್ದು ಮಾಡ್ಬಿಟ್ಳು" ಎಂದೆ. ಬೀರುವಿನಲ್ಲಿಡು ಎಂದದ್ದು ಅಜ್ಜಂಪುರದ ಅಟ್ಟಕ್ಕೆ ಹೇಗೆ ಹೋಯಿತು ಎಂದು ಕೇಳುತ್ತಾನೆ, ಕೇಳಿದರೆ ಹೇಳಿಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಯಾರಿಗೆ ಕಾಯ್ಲೆ?" ಎಂದು ಕೇಳಿದ.

"ಅತ್ತೆಗೆ. ಕಾಮಾಲೆ."

"ಕಣ್ಣು ಹಳದಿ ಆಗಿ ಎಷ್ಟು ದಿನ ಆಯ್ತು? ಬೇರೂ ಹಾಕಿ ಅರೆದ್ರಾ, ಬರೀ ಎಲೆನಾ?"

"ಬೇರೂ ಹಾಕಿದ್ರು."

"ಹಂಗಾದ್ರೆ ಸರಿ. ಈಗ ಹೆಂಗವ್ರೆ?"

ಅಷ್ಟೇ. ಅವತ್ತೂ ಕೇಳಲಿಲ್ಲ, ಮುಂದೆ ನಲವತ್ತು ವರ್ಷ ಒಂದೇ ಸೀಮೆಯಲ್ಲಿ ಬಾಳಿದರೂ ಕೇಳಲಿಲ್ಲ. ನಾಲ್ಕು ಬಾರಿಸಿದ್ದರೆ ನನ್ನ ಹೊಟ್ಟೆಕಿಚ್ಚು ಅಲ್ಲೇ ಆರಿಹೋಗುತ್ತಿತ್ತೋ ಏನೋ.

ಆ ಮೂರು ಭಾನುವಾರ ನಾನೂ ಅವನ ಜೊತೆ ಅಲೆದೆ. ಲಿಂಗದಹಳ್ಳಿಯ ಆಚೆ ಹಳ್ಳದ ದಂಡೆಗಳಲ್ಲಿ, ಕೆಮ್ಮಣ್ಣುಗುಂಡಿಯ ದಾರಿಯಲ್ಲಿ, ಹಸಿರು ಎಲ್ಲಿತ್ತೋ ಅಲ್ಲೆಲ್ಲ. ನಲವತ್ತೊಂಬತ್ತು ಸಿಕ್ಕವು. ನೆಲನೆಲ್ಲಿ ಸಿಗಲಿಲ್ಲ. ಐವತ್ತನೆಯ ಹಾಳೆಯಲ್ಲಿ ಅವನು ನೆನಪಿನಿಂದಲೇ ಪೆನ್ಸಿಲಿನಲ್ಲಿ ಆ ಗಿಡ ಬರೆದು, ಕೆಳಗೆ "ಗಿಡ ಮದ್ದಿಗೆ ಹೋಯಿತು" ಎಂದು ಬರೆದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ನಾನು ಇಟ್ಟಿದ್ದ ಐವತ್ತನ್ನು ಬೇಗ ಬೇಗ ತಿರುವಿ ಹಾಕಿದರು.

ಅವನು ಮೊದಲು ಬಂದ, ನಾನು ಎರಡನೆಯವನು. ಶಿಫಾರಸು ಪತ್ರ ಅವನಿಗೆ ಹೋಯಿತು. ನಾನು ಕಡೂರಿನಲ್ಲಿ ಶಾಲಾ ಮೇಷ್ಟ್ರಾದೆ.

ಡಾಕ್ಟರಾಗಿ ಅವನು ಈ ಕಡೆಗೇ ಬಂದ. ನಮ್ಮ ಅವ್ವನಿಗೆ ವಯಸ್ಸಾದ ಮೇಲೆ ಬೇರೆ ಯಾರು ಕೊಟ್ಟ ಮದ್ದೂ ನಾಟುತ್ತಿರಲಿಲ್ಲ. "ಆ ಸಾಬರ ಡಾಕ್ಟ್ರಪ್ಪನ್ನೇ ಕರಿ. ಅವನು ಕೈ ಹಿಡಿದ್ರೆ ಅರ್ಧ ವಾಸಿ" ಅನ್ನುತ್ತಿದ್ದಳು. ಹೊಟ್ಟೆಯಲ್ಲಿ ಹುಟ್ಟಿದ ಮಗ ನಾನು ಕಾಲ ಬುಡದಲ್ಲಿ ಕೂತಿರುತ್ತಿದ್ದೆ. ಒಂದು ದಿನ ಅವನು ನಾಡಿ ನೋಡುತ್ತಿರುವಾಗಲೇ ಅವ್ವ ಆ ಹಳೆಯ ಮಾತು ತೆಗೆದಳು. "ನನ್ನ ಮಗನೂ ಕಡಿಮೆ ಇಲ್ಲ ಕಣಪ್ಪ. ಬಿರುಬ್ಯಾಸ್ಗೇಲಿ ಎಲ್ಲಿಂದ್ಲೋ ನೆಲನೆಲ್ಲಿ ತಂದು ನನ್ನ ನಾದ್ನಿ ಜೀವ ಉಳ್ಸಿದ. ಅವಳು ಆಮೇಲೆ ಇಪ್ಪತ್ತು ವರ್ಷ ಬದುಕಿದ್ಲು."

ನಾನು ನೆಲ ನೋಡಿದೆ.

"ಗೊತ್ತವ್ವ" ಎಂದ ಅವನು, ಅವಳ ಕೈಯನ್ನು ಹಾಸಿಗೆಯ ಮೇಲಿಟ್ಟು. "ಒಳ್ಳೇ ಗಿಡ ಅದು. ನಿಮ್ಮ ಮಗ ಸರಿಯಾದ ಹೊತ್ತಿಗೆ ತಂದ."

ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಸೊಂಟ ಸಣ್ಣಗೆ ಆಡಿಸುತ್ತಾ ಔಷಧಿ ಬೆರೆಸಿದ.

ಅವನು ಹೋಗಿ ಎಂಟು ತಿಂಗಳಾಯಿತು. ತರೀಕೆರೆಯ ಖಬರಸ್ತಾನದಲ್ಲಿ ಮೂರು ಹಿಡಿ ಮಣ್ಣು ನಾನೂ ಹಾಕಿದೆ. ಅವನ ಹಿರಿಯ ಮಗಳು ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು. "ಅಬ್ಬಾ ನಿಮ್ ವಿಷಯ ಯಾವಾಗ್ಲೂ ಹೇಳ್ತಿದ್ರು. ಅವರ ಮೊದಲ್ನೇ ಪೇಷೆಂಟು ನಿಮ್ಮ ಅತ್ತೆ ಅಂತೆ. ಕಾಲೇಜಲ್ಲಿರುವಾಗ್ಲೇ ಅವರ ಗಿಡದಿಂದ ವಾಸಿ ಆಯ್ತಂತೆ, ಹೌದಾ?" ಎಂದು ಕೇಳಿದಳು. ಕಳವಿನ ಮಾತನ್ನು ಅವನು ಮನೆಯಲ್ಲೂ ಆಡಿರಲಿಲ್ಲ. ನಾನು ಹೌದಮ್ಮ ಎಂದೆ. ಆಗಲೂ, ಸತ್ತವನ ಮೇಲೂ, ನನ್ನ ಹೊಟ್ಟೆಯಲ್ಲಿ ಆ ಹಳೆಯ ಉರಿ ಒಂದು ಸಲ ಎದ್ದು ಕೂತಿತು.

ಅವ್ವ ಅವನಿಗಿಂತ ಮೊದಲೇ ಹೋದಳು. ಆ ಸೊಪ್ಪು ತಂದವನು ತನ್ನ ಮಗನೇ ಎಂದು ನಂಬಿಕೊಂಡೇ ಕಣ್ಣು ಮುಚ್ಚಿದಳು. ಅವಳಿಗೆ ಹೇಳಲು ನನಗೆ ಧೈರ್ಯ ಬರಲಿಲ್ಲ, ಅವನಿಗೆ ಹೇಳಲು ಅವನು ಅವಕಾಶ ಕೊಡಲಿಲ್ಲ. ಇಬ್ಬರೂ ಇಲ್ಲದ ಈ ಹೊತ್ತಿನಲ್ಲಿ ಬರೆದಿಡುತ್ತೇನೆ: ಆ ನೆಲನೆಲ್ಲಿ ನಾನು ತಂದದ್ದಲ್ಲ, ಕದ್ದದ್ದು.