ದೂಳಿಗೆ ಬೆಲ್ಲ

ಎಂಬತ್ತರ ದಶಕದ ಮಾತು. ನನ್ನವ್ವ ದಿನಾ ಮೊದಲ ಬಸ್ಸಿಗೆ ಕಮಲಾಪುರದಿಂದ ಕಲಬುರಗಿಗೆ ಹೋಗಿ, ಒಂದು ದಾಲ್ ಮಿಲ್ಲಿನಲ್ಲಿ ತೊಗರಿ ಜರಡಿ ಹಿಡಿಯುತ್ತಿದ್ದಳು. ಸಂಜೆ ಬರುವಾಗ ರೆಪ್ಪೆಯ ಮೇಲೂ ಹೊಟ್ಟಿನ ದೂಳು ಕೂತಿರುತ್ತಿತ್ತು. ಮೂಗಿಗೆ ಕಟ್ಟಿಕೊಳ್ಳಲು ಮಿಲ್ಲಿನವರು ಒಂದು ಅರಿವೆ ತುಂಡೂ ಕೊಡಲಿಲ್ಲ. ಕೊಟ್ಟದ್ದು ದಿನಕ್ಕೊಂದು ತುಂಡು ಬೆಲ್ಲ. ಅದನ್ನು ತಿಂದರೆ ಎದೆಯ ದೂಳೆಲ್ಲ ತೊಳೆದುಹೋಗುತ್ತದಂತೆ! ಮೂಗಿಗೆ ತುಪ್ಪ ಸವರುವವರನ್ನು ಕಂಡಿದ್ದೇನೆ. ಇವರು ಬೆಲ್ಲದಲ್ಲೇ ಮುಗಿಸಿದರು.

ಅವ್ವ ಆ ಬೆಲ್ಲ ತಿನ್ನುತ್ತಿರಲಿಲ್ಲ. ಸೆರಗಿಗೆ ಕಟ್ಟಿ ತರುತ್ತಿದ್ದಳು. ನಾನು ಬಸ್ ನಿಲ್ದಾಣಕ್ಕೇ ಓಡಿ, ಅವಳು ಇಳಿಯುವಷ್ಟರಲ್ಲಿ ಗಂಟು ಬಿಚ್ಚುತ್ತಿದ್ದೆ.

ಕೆಲವು ವರ್ಷಕ್ಕೆ ಅವಳಿಗೆ ಕೆಮ್ಮು ಹತ್ತಿತು. ಬಸ್ಸಿನ ಮೆಟ್ಟಿಲೇರಿದರೂ ದಮ್ಮು. ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಅವಳನ್ನು ಕೆಲಸದಿಂದ ಬಿಡಿಸಿದ. ಅವತ್ತು ನಾನೂ ಜೊತೆಗಿದ್ದೆ.

"ಬೆಲ್ಲ ತಿನ್ನು ಅಂತ ಕೊಟ್ರ ಮಗಳಿಗಿ ಒಯ್ದಿ. ದೂಳು ಎದ್ಯಾಗ ಕುಂತದ. ಇದರಾಗ ನಮ್ದೇನದ ತಪ್ಪು?" ಎಂದ.

ಅವ್ವ ತಲೆ ತಗ್ಗಿಸಿದಳು. ಓಣಿಯವರೂ ಅದೇ ರಾಗ ಎಳೆದರು. ಅವ್ವನ ಉಸಿರು ತಿಂದವಳು ನಾನೇ ಎಂದು ಹತ್ತು ವರ್ಷ ನಂಬಿದ್ದೆ. ಹಬ್ಬದ ಹೋಳಿಗೆಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನೌಕರಿ ಸಿಕ್ಕ ಮೇಲೆ ಅವ್ವನನ್ನು ಜೇವರ್ಗಿ ಕಾಲೋನಿಯ ಒಂದು ದವಾಖಾನೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮನಿಗೆ ಬೆಲ್ಲದ ಕಥೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಯಾರ್ರೀ ಹಂಗ ಹೇಳಿದವರು? ಬೆಲ್ಲ ಹೊಟ್ಟಿಗಿ ಹೋಗ್ತದ, ದೂಳು ಪುಪ್ಪುಸಕ್ಕ ಹೋಗ್ತದ. ಅದನ್ನ ತೆಗೀಲಿಕ್ಕ ರಕ್ತದಾಗಿನ ಬಿಳಿ ಕಣ ಓಡಿ ಬರ್ತಾವ. ದಿನಾ ದೂಳು ಬಂದ್ರ ಅವೂ ದಿನಾ ಬರ್ತಾವ. ಒಳಗಿನ ಊತ ಇಳಿಯಂಗೇ ಇಲ್ಲ. ಕಾಯಲಿಕ್ಕ ಬಂದವೇ ಕಡೀಗಿ ಉಸಿರಿನ ನಾಳ ಕೆಡಿಸ್ತಾವ. ಮಣ ಬೆಲ್ಲ ತಿಂದಿದ್ರೂ ಇದು ಆಗ್ತಿತ್ತು."

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಮೈಯೆಲ್ಲ ಉರಿಯಿತು. ಮಿಲ್ಲು ಅವರದು, ದೂಳು ಅವರದು, ತಪ್ಪು ಮಾತ್ರ ನಮ್ಮದು! ಒಂದು ತುಂಡು ಬೆಲ್ಲ ಕೊಟ್ಟು ಕೈ ತೊಳೆದುಕೊಂಡರು. ಆ ಮುಕಾದಮ ಅಲ್ಲಿ ಸಿಕ್ಕಿದ್ದರೆ ಕೊರಳಪಟ್ಟಿಗೇ ಕೈ ಹಾಕುತ್ತಿದ್ದೆ.

ಅವ್ವ ದಮ್ಮು ತಡೆದುಕೊಂಡು ಡಾಕ್ಟರಮ್ಮನ ಕಡೆ ಬಾಗಿದಳು.

"ಹಂಗಾದ್ರ ನನ್ನ ಮಗಳು ತಿಂದಿದ್ದಕ್ಕ ಅಲ್ಲಲ್ರೀ ಬಾಯಾರ? ಇನ್ನೊಮ್ಮಿ ಹೇಳ್ರಿ, ಇಕಿಗಿ ಕೇಳಂಗ."